ಇಂದಿನ ಧಮ್ಮಚಿಂತನೆ: ಎಲ್ಲಿ ಇರಬೇಕು?



ಧಮ್ಮಮಿತ್ರರೇ,

ನಿವೃತ್ತಿಯ ದಿನ ಹತ್ತಿರ ಬಂದಂತೆ ನಮ್ಮಲ್ಲಿ ಅನೇಕರಿಗೆ ಒಂದೇ ಪ್ರಶ್ನೆ ಏಳುತ್ತದೆ. ಇನ್ನು ಮುಂದೆ ಎಲ್ಲಿ ಇರುವುದು? ಹಳ್ಳಿಗೆ ಹೋಗಿ ನೆಮ್ಮದಿಯಾಗಿ ಇದ್ದುಬಿಡೋಣವೇ, ಅಥವಾ ಆಸ್ಪತ್ರೆ, ಬಸ್ಸು, ರೈಲು, ವಿಹಾರ ಎಲ್ಲವೂ ಕೈಗೆಟಕುವ ಪಟ್ಟಣದಲ್ಲೇ ಉಳಿಯೋಣವೇ? ಎರಡು ವರ್ಷದಿಂದ ನಮ್ಮ ಮನೆಯಲ್ಲೂ ಇದೇ ಮಾತು. ಇಂದು ಅದನ್ನೇ ನಿಮ್ಮ ಮುಂದೆ ಇಡುತ್ತೇನೆ.

ನಾನು ಮೈಸೂರಿನಲ್ಲಿ 31 ವರ್ಷ ಮೇಷ್ಟ್ರಾಗಿದ್ದವನು. ಮನೆ ರಿಂಗ್ ರಸ್ತೆಯ ಪಕ್ಕ. ರಾತ್ರಿ ಎರಡು ಗಂಟೆಗೂ ಲಾರಿಗಳ ಸದ್ದು. ಬೆಳಿಗ್ಗೆ ಆನಾಪಾನಕ್ಕೆ ಕುಳಿತರೆ ಉಸಿರಿಗಿಂತ ಮೊದಲು ಹಾರ್ನ್ ಕೇಳುತ್ತದೆ. ನನ್ನ ಹುಟ್ಟೂರು ಚಾಮರಾಜನಗರದಿಂದ 14 ಕಿ.ಮೀ. ದೂರ. ಅಲ್ಲಿ ಅಪ್ಪ ಕಟ್ಟಿದ ಹೆಂಚಿನ ಮನೆ, ಅರ್ಧ ಎಕರೆ ಹೊಲ, ದೂರದಲ್ಲಿ ಬಿಳಿಗಿರಿರಂಗನ ಬೆಟ್ಟದ ಸಾಲು. ದಿನಕ್ಕೆ ಎರಡೇ ಬಸ್ಸು. ಕತ್ತಲಾದ ಮೇಲೆ ಜೀರುಂಡೆ ಬಿಟ್ಟರೆ ಬೇರೆ ಸದ್ದಿಲ್ಲ. "ಧ್ಯಾನಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಕೇ? ಹೊರಟುಬಿಡೋಣ" ಎಂದೆ.

ನನ್ನ ಹೆಂಡತಿ ಅದೇ ತಾಲ್ಲೂಕಿನ ಇನ್ನೊಂದು ಹಳ್ಳಿಯ ಕೇರಿಯಲ್ಲಿ ಬೆಳೆದವಳು. ತಟ್ಟೆ ತೊಳೆಯುತ್ತಿದ್ದವಳು ಕೈ ನಿಲ್ಲಿಸಿ ಹೇಳಿದಳು: "ನಿಮಗೆ ಊರಿನ ನಿಶ್ಶಬ್ದ ಬೇಕು. ಆ ನಿಶ್ಶಬ್ದ ನನಗೆ ಗೊತ್ತು. ನೀರಿಗೆ ಹೋದಾಗ ನಮ್ಮವ್ವ ಬಾಯಿ ಮುಚ್ಚಿಕೊಂಡು ದೂರದಲ್ಲಿ ನಿಲ್ಲುತ್ತಿದ್ದಳಲ್ಲ, ಅದೇ ನಿಶ್ಶಬ್ದ."

ನನ್ನ ಬಳಿ ಉತ್ತರವಿರಲಿಲ್ಲ.

ಬಾಬಾಸಾಹೇಬರು 1948ರ ನವೆಂಬರ್ 4ರಂದು ಸಂವಿಧಾನದ ಕರಡನ್ನು ಸಭೆಯ ಮುಂದೆ ಇಡುವಾಗ ಇದೇ ಮಾತನ್ನು ದೇಶಕ್ಕೆ ಹೇಳಿದ್ದರು. ಹಳ್ಳಿಯನ್ನು ಹಾಡಿ ಹೊಗಳುತ್ತಿದ್ದವರ ನಡುವೆ ನಿಂತು, ಅಲ್ಲಿನ ಸಂಕುಚಿತತೆಯನ್ನು ಕಟುವಾಗಿ ಟೀಕಿಸಿದರು. ಕರಡು ಹಳ್ಳಿಯನ್ನಲ್ಲ, ವ್ಯಕ್ತಿಯನ್ನು ಘಟಕವಾಗಿ ಇಟ್ಟುಕೊಂಡಿದೆ ಎಂದು ಸಂತೋಷಪಟ್ಟರು. ಆ ಭಾಷಣವನ್ನು ನಾನೇ ಎಷ್ಟೋ ಸಲ ಮಕ್ಕಳಿಗೆ ವಿವರಿಸಿದ್ದೆ. ನನ್ನ ಮನೆಯ ಪ್ರಶ್ನೆ ಬಂದಾಗ ಅದು ನೆನಪಾಗಲಿಲ್ಲ.

ಹಾಗೆಂದು ಪಟ್ಟಣ ನಿರ್ದೋಷಿಯೇನಲ್ಲ. 1993ರಲ್ಲಿ ಮೈಸೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ "ನೀವು ಯಾವ ಜನ?" ಎಂದು ಕೇಳಿ ಬಾಗಿಲು ಮುಚ್ಚಿದವರು ಒಬ್ಬಿಬ್ಬರಲ್ಲ. ಆದರೆ ಅಲ್ಲಿ ಇನ್ನೊಂದು ಬೀದಿಯಿತ್ತು, ಇನ್ನೊಂದು ಬಾಗಿಲಿತ್ತು.

ಬುದ್ಧರು ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿದ್ದಾರೆ. ಮಜ್ಝಿಮ ನಿಕಾಯದ 17ನೆಯ ಸುತ್ತ, ವನಪತ್ಥ ಸುತ್ತ. ಅಲ್ಲಿ ಅವರು ಕಾಡು ಶ್ರೇಷ್ಠ, ಊರು ಕನಿಷ್ಠ ಎಂದು ತೀರ್ಪು ಕೊಡುವುದಿಲ್ಲ. ಎರಡು ಪ್ರಶ್ನೆ ಕೇಳಿಕೊಳ್ಳಲು ಹೇಳುತ್ತಾರೆ. ಇಲ್ಲಿ ನನ್ನ ಸ್ಮೃತಿ, ಸಮಾಧಿ ಬೆಳೆಯುತ್ತಿವೆಯೇ? ಅನ್ನ, ಬಟ್ಟೆ, ವಸತಿ, ಔಷಧಿ ಸುಲಭವಾಗಿ ಸಿಗುತ್ತವೆಯೇ? ಎರಡೂ ಇಲ್ಲದಿದ್ದರೆ ಹಗಲೋ ರಾತ್ರಿಯೋ ಕೂಡಲೇ ಹೊರಡು. ಸೌಕರ್ಯವಿದ್ದು ಮನಸ್ಸು ಬೆಳೆಯದಿದ್ದರೂ ಹೊರಡು. ಸೌಕರ್ಯ ಕಡಿಮೆಯಿದ್ದು ಮನಸ್ಸು ಬೆಳೆಯುತ್ತಿದ್ದರೆ ಉಳಿ. ಎರಡೂ ಇದ್ದರೆ ಬದುಕಿರುವಷ್ಟು ದಿನ ಅಲ್ಲೇ ಇರು. ಇದು ಸುತ್ತದ ಸಾರಾಂಶ.

ಸರಿ, ಪರೀಕ್ಷಿಸಿ ನೋಡೋಣ ಎಂದುಕೊಂಡೆ. ಕಳೆದ ಆಷಾಢ ಹುಣ್ಣಿಮೆಯಿಂದ ಮೂರು ತಿಂಗಳು, ಒಂದು ವರ್ಷಾವಾಸದಷ್ಟು ಕಾಲ, ಒಬ್ಬನೇ ಊರಿನಲ್ಲಿದ್ದೆ. ಅವಳು ಮೈಸೂರಿನಲ್ಲೇ ಉಳಿದಳು.

ಮೊದಲ ಹದಿನೈದು ದಿನ ಮನಸ್ಸು ತಿಳಿಯಾಗಿತ್ತು. ಆಮೇಲೆ ನನ್ನನ್ನು ನಾನೇ ಗಮನಿಸಿದೆ. ಪತ್ರಿಕೆ ತರುವ ಬಸ್ಸಿಗಾಗಿ ಕಾಯುತ್ತಿದ್ದೆ. ಮೊಬೈಲ್ ಸಿಗ್ನಲ್ ಹುಡುಕಿಕೊಂಡು ದಿನಕ್ಕೆ ನಾಲ್ಕು ಸಲ ಕೆರೆ ಏರಿ ಹತ್ತುತ್ತಿದ್ದೆ. ಸಂಯುತ್ತ ನಿಕಾಯದಲ್ಲಿ ಮಿಗಜಾಲನಿಗೆ ಬುದ್ಧರು ಹೇಳಿದ್ದು ಆಗ ಅರ್ಥವಾಯಿತು. ತೃಷ್ಣೆ ಜೊತೆಗಿದ್ದರೆ ದೂರದ ಕಾಡಿನಲ್ಲಿದ್ದರೂ ಅದು ಒಂಟಿವಾಸವಲ್ಲ. ಕೆರೆ ಏರಿಯ ಮೇಲೆ ನನ್ನ ಪಕ್ಕದಲ್ಲಿ ಯಾರೂ ಇರಲಿಲ್ಲ. ಆದರೂ ನಾವಿಬ್ಬರಿದ್ದೆವು.

ಟೀ ಅಂಗಡಿಯಲ್ಲಿ ಈಗ ಎಲ್ಲರಿಗೂ ಪೇಪರ್ ಲೋಟ. ಎರಡು ಲೋಟದ ಪದ್ಧತಿ ಹೋಯಿತೋ, ಪೇಪರ್ ಲೋಟ ಅದನ್ನು ಮುಚ್ಚಿಟ್ಟಿತೋ, ಹೇಳಲಾರೆ. "ಮೇಷ್ಟ್ರೇ ಬನ್ನಿ" ಎಂದು ಮರ್ಯಾದೆಯಿಂದಲೇ ಕರೆದರು. ಹಬ್ಬದ ಮೆರವಣಿಗೆ ಮಾತ್ರ ಹಿಂದಿನಂತೆಯೇ ನಮ್ಮ ಕೇರಿಯ ತಿರುವಿನಲ್ಲಿ ಹೊರಳಿಕೊಂಡು ಹೋಯಿತು. ಆ ರಾತ್ರಿ ನಿಶ್ಶಬ್ದವಿತ್ತು, ಸಮಾಧಿ ಇರಲಿಲ್ಲ.

ಬೆಳೆದದ್ದೂ ಒಂದಿದೆ. ಸಂಜೆ ಕೇರಿಯ ಏಳು ಮಕ್ಕಳು ಪುಸ್ತಕ ಹಿಡಿದು ಜಗಲಿಗೆ ಬಂದು ಕೂರತೊಡಗಿದರು. ಅವರಿಗೆ ಭಿನ್ನರಾಶಿ ಹೇಳಿಕೊಡುವಾಗ ನನಗೆ ಬಸ್ಸೂ ನೆನಪಾಗುತ್ತಿರಲಿಲ್ಲ, ಸಿಗ್ನಲ್ಲೂ ನೆನಪಾಗುತ್ತಿರಲಿಲ್ಲ.

ಮೂರು ತಿಂಗಳು ಮುಗಿದ ಮೇಲೆ ಮೈಸೂರಿಗೆ ಬಂದು ಹೆಂಡತಿಯನ್ನು ಕೇಳಿದೆ: "ಇಷ್ಟು ದಿನ ಇಲ್ಲಿ ನಿನ್ನಲ್ಲಿ ಏನು ಬೆಳೆಯಿತು?" ಮದುವೆಯಾಗಿ ಇಷ್ಟು ವರ್ಷದಲ್ಲಿ ಈ ಪ್ರಶ್ನೆ ಕೇಳಿದ್ದು ಅದೇ ಮೊದಲು. ಅವಳು ಯೋಚಿಸಿ ಹೇಳಿದಳು: "ಹೆದರಿಕೆ ಕಡಿಮೆಯಾಯಿತು." ಒಬ್ಬಳೇ ಬಸ್ಸು ಹತ್ತಿ ಸಕ್ಕರೆ ಕಾಯಿಲೆಯ ತಪಾಸಣೆಗೆ ಹೋಗಿ ಬಂದಿದ್ದಳು. ಭಾನುವಾರದ ಮಹಿಳಾ ಸತ್ಸಂಗದಲ್ಲಿ ಮೊದಲ ಬಾರಿಗೆ ಎದ್ದು ನಿಂತು ವಂದನೆ ಹೇಳಿಕೊಟ್ಟಿದ್ದಳು.

ಧಮ್ಮಮಿತ್ರರೇ, ನನ್ನ ತಪ್ಪು ಎಲ್ಲಿತ್ತು ಎಂದು ಆಗ ಕಂಡಿತು. ವನಪತ್ಥ ಸುತ್ತವನ್ನು ಹೇಳಿದ್ದು ಭಿಕ್ಷುಗಳಿಗೆ. ಭಿಕ್ಷು ತನ್ನೊಬ್ಬನ ಮನಸ್ಸನ್ನು ನೋಡಿಕೊಂಡು ಪಾತ್ರೆ, ಚೀವರ ಎತ್ತಿಕೊಂಡು ಹೊರಡಬಹುದು. ಗೃಹಸ್ಥನ ಮನೆಯಲ್ಲಿ ಪರೀಕ್ಷೆ ಬರೆಯುವವರು ಇಬ್ಬರು. ನಾನು ಅವಳ ಉತ್ತರ ಪತ್ರಿಕೆಯನ್ನೂ ನಾನೇ ಬರೆದುಬಿಟ್ಟಿದ್ದೆ. ನನಗೆ ಸಿಗುವ ಶಾಂತಿ ಇನ್ನೊಬ್ಬರ ಬಾಯಿ ಮುಚ್ಚಿಸಿ ಬರುವುದಾದರೆ ಅದು ಶಾಂತಿಯಲ್ಲ. ಅದರ ಬೆಲೆಯನ್ನು ಬೇರೆಯವರು ಕಟ್ಟುತ್ತಿರುತ್ತಾರೆ, ಅಷ್ಟೆ.

ಶಾಂತಿ ಮತ್ತು ದಾರಿ ಒಂದಕ್ಕೊಂದು ವೈರಿಗಳೂ ಅಲ್ಲ. ಬಿಂಬಿಸಾರ ಬುದ್ಧರಿಗೆ ವೇಳುವನವನ್ನು ಕೊಡುವ ಮೊದಲು ಎಂಥ ಜಾಗ ಬೇಕೆಂದು ಲೆಕ್ಕ ಹಾಕಿದ್ದನ್ನು ವಿನಯಪಿಟಕ ಹೇಳುತ್ತದೆ. ಊರಿಗೆ ತೀರಾ ದೂರವಲ್ಲ, ತೀರಾ ಹತ್ತಿರವಲ್ಲ. ಜನ ಬಂದು ಹೋಗಲು ಅನುಕೂಲ, ರಾತ್ರಿ ಗದ್ದಲವಿಲ್ಲ. ಕಾರ್ಲೆಯ ಗುಹಾಚೈತ್ಯವೂ ಕಾಡಿನ ನಡುವೆ ಮರೆಯಾದದ್ದಲ್ಲ. ಕರಾವಳಿಯಿಂದ ದಖ್ಖನ್ನಿಗೆ ಹತ್ತುವ ವ್ಯಾಪಾರದ ದಾರಿಯ ಪಕ್ಕದಲ್ಲಿದೆ. ಅದನ್ನು ಪೂರ್ಣಗೊಳಿಸಿದವನು ವೈಜಯಂತಿಯ ಶ್ರೇಷ್ಠಿ ಭೂತಪಾಲ ಎಂದು ಅಲ್ಲಿನ ಶಾಸನ ಹೇಳುತ್ತದೆ. ವೈಜಯಂತಿ ಎಂದರೆ ನಮ್ಮ ಬನವಾಸಿ ಎಂದು ವಿದ್ವಾಂಸರು ಗುರುತಿಸುತ್ತಾರೆ. ದಾರಿಯಲ್ಲಿ ಬಂದವರ ದಾನದಿಂದಲೇ ಬೆಟ್ಟದ ಮೇಲೆ ಭಿಕ್ಷುಗಳು ಮೌನವಾಗಿ ಕುಳಿತರು.

ನಾವು ಈಗ ಮೈಸೂರಿನಲ್ಲೇ ಇದ್ದೇವೆ. ಶುಕ್ರವಾರ ಸಂಜೆಯ ಬಸ್ಸಿಗೆ ನಾನು ಊರಿಗೆ ಹೋಗುತ್ತೇನೆ, ಏಳು ಮಕ್ಕಳು ಈಗ ಹನ್ನೊಂದು ಆಗಿದ್ದಾರೆ. ಭಾನುವಾರ ಮರಳುತ್ತೇನೆ. ಲಾರಿಯ ಸದ್ದು ನಿಂತಿಲ್ಲ. "ಕೇಳಿಸಿತು" ಎಂದು ಗುರುತಿಸಿ ಉಸಿರಿಗೆ ಮರಳುತ್ತೇನೆ. ಕೆಲವು ದಿನ ಆಗುತ್ತದೆ, ಕೆಲವು ದಿನ ಸಿಟ್ಟು ಬರುತ್ತದೆ. ಮುಂದಿನ ವರ್ಷಾವಾಸದಲ್ಲಿ ಇಬ್ಬರೂ ಕೂತು ಮತ್ತೆ ಲೆಕ್ಕ ನೋಡುತ್ತೇವೆ.

ಕೊನೆಗೆ ಒಂದು ಮಾತು. ಕಾಡಿನಿಂದ ಆರಂಭವಾಗುವ ಆ ಸುತ್ತ ಹಳ್ಳಿ, ಪಟ್ಟಣ, ನಗರ, ನಾಡು ಎಲ್ಲವನ್ನೂ ಅದೇ ಪ್ರಶ್ನೆಯಿಂದ ಅಳೆಯುತ್ತಾ ಹೋಗುತ್ತದೆ. ಅದು ಬಂದು ನಿಲ್ಲುವುದು ಒಂದು ಸ್ಥಳದಲ್ಲಲ್ಲ, ಒಬ್ಬ ಮನುಷ್ಯನಲ್ಲಿ. ಯಾರ ಆಶ್ರಯದಲ್ಲಿ ಮನಸ್ಸು ಬೆಳೆಯುತ್ತದೋ, ಬದುಕಿಗೆ ಬೇಕಾದದ್ದೂ ಸಿಗುತ್ತದೋ, ಅವರು ಹೋಗು ಎಂದರೂ ಬಿಟ್ಟು ಹೋಗಬಾರದು ಎಂಬುದು ಅದರ ಕೊನೆಯ ಉಪದೇಶ. ಎಷ್ಟೋ ವರ್ಷ ಓದಿದ ಸುತ್ತದಲ್ಲಿ ಆ ಭಾಗವನ್ನು ನಾನು ಬೇಗಬೇಗನೆ ದಾಟಿಬಿಡುತ್ತಿದ್ದೆ.

ಇಂದಿನ ಅಭ್ಯಾಸ: ನಾನಿರುವ ಜಾಗದಲ್ಲಿ ನನ್ನೊಳಗೆ ಏನು ಬೆಳೆಯುತ್ತಿದೆ ಎಂದು ಐದು ನಿಮಿಷ ನೋಡೋಣ. ಆಮೇಲೆ ಮನೆಯಲ್ಲಿರುವ ಇನ್ನೊಬ್ಬರನ್ನು ಅದೇ ಪ್ರಶ್ನೆ ಕೇಳೋಣ. ಅವರು ಉತ್ತರಿಸುವವರೆಗೆ ನಾವು ಮೌನವಾಗಿರೋಣ.

ಸರ್ವರಿಗೂ ಮಂಗಲವಾಗಲಿ.