ಯಾರು ಮುಟ್ಟಿದ್ದು?

'ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ' ಎಂಬ ಗಾದೆಯನ್ನು ಕಟ್ಟಿದವಳು ಖಂಡಿತ ಒಬ್ಬ ಸೊಸೆಯೇ ಇರಬೇಕು. ಪಾತ್ರೆ ಅದೇ, ನೆಲ ಅದೇ, ಬಿದ್ದಾಗ ಆಗುವ ಸದ್ದೂ ಅದೇ. ಆದರೆ ಯಾರ ಕೈಯಿಂದ ಬಿತ್ತು ಎನ್ನುವುದರ ಮೇಲೆ ನಷ್ಟದ ಲೆಕ್ಕ ಬದಲಾಗುತ್ತದೆ. ಮಿಕ್ಸಿ ತಿರುಗದಿರಲಿ, ಹಾಲು ಒಡೆಯಲಿ, ಗೋಡೆ ಗಡಿಯಾರ ನಿಲ್ಲಲಿ, ನಮ್ಮ ಮನೆಗಳಲ್ಲಿ ಮೊದಲು ಬಾಯಿಗೆ ಬರುವ ಮಾತು 'ಯಾರು ಮುಟ್ಟಿದ್ದು?' ಎಂದು. 'ಏನಾಯಿತು?' ಎಂಬುದು ಆಮೇಲೆ, ಪುರುಸೊತ್ತಿದ್ದರೆ. ನೀವೂ ಗಮನಿಸಿರಬಹುದು, ಈ ಮೊದಲನೆಯ ಪ್ರಶ್ನೆಗೆ ಉತ್ತರವೂ ಹೆಚ್ಚುಕಡಿಮೆ ಸಿದ್ಧವಾಗಿಯೇ ಇರುತ್ತದೆ. ಮನೆಯಲ್ಲಿ ಯಾರ ಮಾತಿಗೆ ಬೆಲೆ ಕಡಿಮೆಯೋ ಅವರೇ ಮುಟ್ಟಿರುತ್ತಾರೆ.

ಈ ಎರಡು ಪ್ರಶ್ನೆಗಳು ನನ್ನನ್ನು ಬಹಳ ಕಾಲದಿಂದ ಕಾಡುತ್ತಿದ್ದರೂ ಅವುಗಳ ನಡುವಿನ ಅಂತರ ಎಷ್ಟು ಎಂದು ಸ್ಪಷ್ಟವಾದದ್ದು ನಮ್ಮ ಉಪ್ಪರಿಗೆಯ ಕೋಣೆಯಲ್ಲಿದ್ದ ಒಂದು ಮುದಿ ಕಂಪ್ಯೂಟರಿನಿಂದ.

ಅದನ್ನು 2001ರಲ್ಲಿ ಕೊಂಡದ್ದು. ಬಿಡಿಭಾಗಗಳನ್ನು ತಂದು ಜೋಡಿಸಿ ಕೊಡುತ್ತಿದ್ದ ಕಾಲ ಅದು. ಪೆಂಟಿಯಂ 3, ಒಳಗೆ ವಿಂಡೋಸ್ 98, ಎದುರಿಗೆ ಹಳೆಯ ಟೀವಿಯಷ್ಟೇ ದಪ್ಪನೆಯ ಮಾನಿಟರು. ಮಕ್ಕಳ ಓದಿಗೆಂದು ತಂದರೂ ಅದನ್ನು ನಿಜವಾಗಿ ಬಳಸಿದವರು ನಾನು ಮತ್ತು ನಮ್ಮ ಅತ್ತೆ. ಕನ್ನಡದಲ್ಲಿ ಬರೆಯಲು 'ಬರಹ' ಎಂಬ ತಂತ್ರಾಂಶ 1998ರಲ್ಲಿ ಬಂದಿತ್ತು. ಅತ್ತೆಗೆ ನೂರಾರು ಸಂಪ್ರದಾಯದ ಹಾಡು ಬಾಯಿಗೆ ಬರುತ್ತಿದ್ದವು. ಎಣ್ಣೆ ಹಚ್ಚುವ ಹಾಡು, ಹಸೆಗೆ ಕರೆಯುವ ಹಾಡು, ಬೀಗರನ್ನು ಛೇಡಿಸುವ ಹಾಡು, ಹೆಣ್ಣೊಪ್ಪಿಸುವ ಹಾಡು. ಮಧ್ಯಾಹ್ನದ ಕೆಲಸ ಮುಗಿಸಿ ಅವರು ಹೇಳುತ್ತಿದ್ದರು, ನಾನು ಒಂದೊಂದೇ ಅಕ್ಷರ ಕುಟ್ಟುತ್ತಿದ್ದೆ. ಎರಡು ಮಳೆಗಾಲ ಹಾಗೆ ಕಳೆದವು. ಅತ್ತೆ ಹೋದ ಮೇಲೆ, ಮಕ್ಕಳೂ ದೂರದ ಊರು ಸೇರಿದ ಮೇಲೆ, ಕಂಪ್ಯೂಟರಿಗೆ ಒಂದು ಹಳೇ ಸೀರೆ ಹೊದಿಸಿದೆವು. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ನಮ್ಮವರು ಅದಕ್ಕೆ ಕುಂಕುಮ ಹಚ್ಚಿ, ಒಮ್ಮೆ ಚಾಲೂ ಮಾಡಿ, 'ಇನ್ನೂ ಜೀವ ಇದೆ' ಎಂದು ನಿಲ್ಲಿಸುತ್ತಿದ್ದರು.

ಕೆಲವು ವರ್ಷಗಳ ಹಿಂದೆ ಭಾವನವರ ಮಗಳ ಮದುವೆ ಗೊತ್ತಾಯಿತು. ಅಮ್ಮನ ಹಾಡುಗಳನ್ನೆಲ್ಲ ಪುಸ್ತಕ ಮಾಡಿಸಿ ಮದುವೆಗೆ ಬಂದವರಿಗೆ ಕೊಡಬೇಕು ಎಂದು ಭಾವನವರಿಗೆ ಆಸೆ. ಒಳ್ಳೆಯ ಆಸೆಯೇ. ಹಿಂದೆ ಪ್ರಿಂಟು ತೆಗೆದಿದ್ದ ಹಾಳೆಗಳನ್ನು ಗೆದ್ದಲು ತಿಂದಿತ್ತು, ಫ್ಲಾಪಿಗಳಿಗೆ ಮಲೆನಾಡಿನ ಬೂಷ್ಟು ಹಿಡಿದಿತ್ತು. ಉಳಿದದ್ದು ಈ ಪೆಟ್ಟಿಗೆಯೊಂದೇ. ಜೂನ್ ತಿಂಗಳಲ್ಲಿ ಭಾವ, ಅಕ್ಕ ಇಬ್ಬರೂ ಸಾಗರಕ್ಕೆ ಬಂದರು. ಸೀರೆ ಸರಿಸಿ ಗುಂಡಿ ಒತ್ತಿದರು. ದೀಪವಿಲ್ಲ, ಫ್ಯಾನಿನ ಸದ್ದಿಲ್ಲ. ಮತ್ತೆ ಒತ್ತಿದರು. ಆಮೇಲೆ ಭಾವ ತಿರುಗಿ ನಿಂತು ಕೇಳಿದ್ದು ನಿಮಗೆ ಗೊತ್ತೇ ಇದೆ.

ಮನೆಗೆಲಸಕ್ಕೆ ಬರುವ ಹೆಂಗಸು ಹಿಂದಿನ ವಾರ ಆ ಕೋಣೆಯನ್ನು ಒರೆಸಿದ್ದಳು. ಭಾವನವರು ಬರುತ್ತಾರೆಂದು ಒರೆಸಲು ಹೇಳಿದವಳು ನಾನೇ. 'ಒದ್ದೆ ಬಟ್ಟೆ ಹಿಂಡದೆ ಎಳೆದಿರುತ್ತಾಳೆ, ಒಳಗೆ ನೀರು ಹೋಗಿದೆ, ಮುಗೀತು' ಎಂದರು ಭಾವ. ನಮ್ಮದು ಹಲಗೆ ಉಪ್ಪರಿಗೆಯ ಮನೆ. ಮೇಲೆ ಕೆಮ್ಮಿದರೆ ಕೆಳಗೆ ಕೇಳುತ್ತದೆ. ಕೆಳಗಿನ ಬಚ್ಚಲಿನಲ್ಲಿ ಪಾತ್ರೆ ತಿಕ್ಕುವ ಸದ್ದು ಥಟ್ಟನೆ ನಿಂತದ್ದು ನಮಗೂ ಕೇಳಿಸಿತು.

ಹನ್ನೊಂದು ವರ್ಷದಿಂದ ನಮ್ಮ ಮನೆಗೆ ಬರುತ್ತಿದ್ದವಳು ಅವಳು. ನನಗೆ ಹೊಟ್ಟೆಯಲ್ಲಿ ತಳಮಳವಾಯಿತು. ಅದರಲ್ಲಿ ನ್ಯಾಯದ ಕಾಳಜಿ ಎಷ್ಟು, ನಾಳೆಯಿಂದ ಅವಳು ಬರದಿದ್ದರೆ ಎಂಬ ದಿಗಿಲು ಎಷ್ಟು ಎಂದು ತೂಗಿ ಹೇಳಲಾರೆ. 'ರಿಪೇರಿಯವನು ನೋಡಲಿ ಭಾವ, ಆಮೇಲೆ ಮಾತಾಡೋಣ' ಎಂದೆ.

ಬಂದ ಹುಡುಗ ಬಸ್‌ಸ್ಟ್ಯಾಂಡಿನ ಬಳಿ ಮೊಬೈಲ್ ಅಂಗಡಿ ಇಟ್ಟಿದ್ದವನು. ಭಾವ ನೀರಿನ ಕಥೆ ಹೇಳಲು ಶುರುಮಾಡಿದರು. ಅವನು ತಲೆಯಾಡಿಸುತ್ತಲೇ, 'ಕೊನೆಗೆ ಸರಿಯಾಗಿ ಓಡಿದ್ದು ಯಾವಾಗ ಸಾರ್?' ಎಂದು ಕೇಳಿದ. ಆಯುಧಪೂಜೆಗೆ, ಅಂದರೆ ಎಂಟು ತಿಂಗಳ ಹಿಂದೆ. 'ಅಲ್ಲಿಂದ ಇಲ್ಲಿವರೆಗೆ ಏನೇನಾಯ್ತು ನೋಡಬೇಕು' ಎಂದ. ನನಗೆ ಅವನ ಲೆಕ್ಕ ಇಷ್ಟವಾಯಿತು. ನಮಗೆಲ್ಲ ನೆನಪಿದ್ದದ್ದು ಹಿಂದಿನ ವಾರ ಮಾತ್ರ. ಎಂಟು ತಿಂಗಳಲ್ಲಿ ಒಂದು ದಿನ ಒದ್ದೆ ಬಟ್ಟೆ ಬಿದ್ದಿತ್ತು, ಅಷ್ಟೇ. ಉಳಿದ ದಿನಗಳಲ್ಲೂ ಏನಾದರೂ ಆಗಿರಬಹುದಲ್ಲ.

ಅವನು ಮೊದಲು ಪರೀಕ್ಷಿಸಿದ್ದು ಗೋಡೆಯ ಪ್ಲಗ್ಗನ್ನು. ತನ್ನ ಮೊಬೈಲ್ ಚಾರ್ಜರು ಸಿಕ್ಕಿಸಿದ, ಕರೆಂಟು ಬರುತ್ತಿತ್ತು. ಆಮೇಲೆ ಮೂರು ಪಿನ್ನಿನ ವಯರು ಬದಲಿಸಿ ನೋಡಿದ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸುತ್ತಿದ್ದ. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಯಾಯಿತೆಂದು ತಿಳಿಯುವುದಿಲ್ಲವಂತೆ. ಅಡುಗೆಮನೆಯಲ್ಲಿ ಸಾರು ಕೆಟ್ಟಾಗ ಉಪ್ಪು, ಹುಳಿ, ಬೆಲ್ಲ ಮೂರನ್ನೂ ಒಟ್ಟಿಗೆ ಸುರಿಯುವವರಿಗೆ ಇದು ಅರ್ಥವಾಗುವುದು ಕಷ್ಟ.

ಪೆಟ್ಟಿಗೆಯ ಬದಿ ತೆಗೆದಾಗ ಒಳಗೆ ಬರೀ ಧೂಳು, ಜೇಡನ ಬಲೆ, ಒಂದು ಒಣಗಿದ ಹಲ್ಲಿ. ನೀರಿನ ಕಲೆ ಎಲ್ಲೂ ಇರಲಿಲ್ಲ. 'ಹಲ್ಲಿಯಿಂದಲೇ ಇರಬೇಕು' ಎಂದರು ಭಾವ. ಅವರಿಗೆ ಹೇಗೂ ಒಬ್ಬ ಅಪರಾಧಿ ಬೇಕಿತ್ತು.

ಅಷ್ಟರಲ್ಲಿ ಅವಳು ಕಾಫಿ ತಂದಳು. ಹುಡುಗ ಅವಳನ್ನೇ ಕೇಳಿದ: 'ಒರೆಸುವಾಗ ನಿಮಗೇನಾದರೂ ಕಂಡಿತ್ತಾ ಅಕ್ಕಾ?' ಅವಳು ನನ್ನ ಮುಖ ನೋಡಿದಳು, ಭಾವನವರ ಮುಖ ನೋಡಿದಳು. ಆಮೇಲೆ ಹೇಳಿದಳು: 'ಒರೆಸೂಕೆ ಮೊದ್ಲೇ ಸುಟ್ಟ ವಾಸನೆ ಬಂದಿತ್ತು. ಹೋದ ತಿಂಗಳು ರಾತ್ರಿಯಿಡೀ ಗುಡುಗು ಬಂತಲ್ಲ, ಅದರ ಮರುದಿನ. ಹೇಳಿದ್ರೆ ನನ್ನ ಮೇಲೇ ಬರ್ತದೇನೋ ಅಂತ ಸುಮ್ಮನಿದ್ದೆ ಅಮ್ಮಾ.'

ಹುಡುಗನ ಕೈ ನೇರ ಹಿಂಬದಿಯ ಕಬ್ಬಿಣದ ಡಬ್ಬಿಗೆ ಹೋಯಿತು. ಅದನ್ನು ಎಸ್‌ಎಂಪಿಎಸ್ ಎನ್ನುತ್ತಾರೆ. ಮನೆಯ 230 ವೋಲ್ಟಿನ ವಿದ್ಯುತ್ತನ್ನು ಕಂಪ್ಯೂಟರಿಗೆ ಬೇಕಾದ 12, 5, 3.3 ವೋಲ್ಟಿಗೆ ಇಳಿಸುವುದು ಅದರ ಕೆಲಸ. ಅದರಿಂದ ಬರುವ ತಂತಿಗಳ ಗೊಂಚಲು ಬಿಡಿಸಿ, ಹಸಿರು ತಂತಿಗೂ ಕಪ್ಪು ತಂತಿಗೂ ಒಂದು ಪೇಪರ್ ಕ್ಲಿಪ್ಪಿನಿಂದ ಸಂಪರ್ಕ ಕೊಟ್ಟ. ಡಬ್ಬಿ ಸರಿಯಿದ್ದರೆ ಫ್ಯಾನು ತಿರುಗಬೇಕಂತೆ. ತಿರುಗಲಿಲ್ಲ. ಅಂಗಡಿಗೆ ಒಯ್ದು ಬಿಚ್ಚಿ ಮರುದಿನ ತೋರಿಸಿದ. (ನೀವು ಯಾರೂ ಅದನ್ನು ಮನೆಯಲ್ಲಿ ಬಿಚ್ಚಬೇಡಿ. ಪ್ಲಗ್ಗು ತೆಗೆದ ಮೇಲೂ ಅದರೊಳಗೆ 300 ವೋಲ್ಟಿಗೂ ಮೇಲ್ಪಟ್ಟ ವಿದ್ಯುತ್ತು ಕೆಲಕಾಲ ಉಳಿದಿರಬಹುದು.) ಒಳಗಿದ್ದ ಸಣ್ಣ ಸಣ್ಣ ಉರುಟು ಕೆಪಾಸಿಟರುಗಳಲ್ಲಿ ಎರಡರ ತಲೆ ಉಬ್ಬಿ, ಕಂದು ಬಣ್ಣದ ಅಂಟು ಹೊರಗೆ ಬಂದಿತ್ತು.

ಅವನು ವಿವರಿಸಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ಇಂಥ ಕಂಪ್ಯೂಟರನ್ನು ನಾವು ನಿಲ್ಲಿಸಿದೆವು ಎಂದುಕೊಂಡರೂ ಗೋಡೆಯ ಸ್ವಿಚ್ಚು ಹಾಕಿಯೇ ಇದ್ದರೆ ಅದರೊಳಗೆ 5 ವೋಲ್ಟಿನ ಒಂದು ಸಣ್ಣ ಧಾರೆ ಸದಾ ಹರಿಯುತ್ತಿರುತ್ತದೆ. ಅದು ಪೂರ್ತಿ ಮಲಗುವುದೇ ಇಲ್ಲ, ಅರೆನಿದ್ರೆಯಲ್ಲಿರುತ್ತದೆ. ಕೆಪಾಸಿಟರಿನೊಳಗಿನ ದ್ರವ ವರ್ಷಗಟ್ಟಲೆ ಕಾದು ಕಾದು ಒಣಗುತ್ತ ಬರುತ್ತದೆ. ಆ ಗುಡುಗಿನ ರಾತ್ರಿ ಕರೆಂಟು ಹೋಗಿ ಬಂದು ಕೊನೆಯ ಏಟು ಕೊಟ್ಟಿರಬೇಕು. ಇದನ್ನು ಕೇಳಿದ್ದೇ ತಡ, 'ಸ್ವಿಚ್ಚು ಯಾಕೆ ಹಾಕಿಟ್ಟಿದ್ದೆ?' ಎಂದು ಭಾವ ತಮ್ಮನ ಕಡೆ ತಿರುಗಿದರು. ಎಮರ್ಜೆನ್ಸಿ ಲೈಟು ಚಾರ್ಜಾಗಲಿ ಎಂದು ನಮ್ಮವರು ಆ ಬೋರ್ಡಿನ ಸ್ವಿಚ್ಚನ್ನು ಆರಿಸುತ್ತಿರಲಿಲ್ಲ. ಗೂಬೆ ಒಬ್ಬಳ ತಲೆಯಿಂದ ಹಾರಿ ಇನ್ನೊಬ್ಬರ ತಲೆಯ ಮೇಲೆ ಕೂರಲು ಜಾಗ ನೋಡುತ್ತಿತ್ತು.

ಹಾಗಾದರೆ ಕಾರಣ ಯಾವುದು? ಗುಡುಗೇ, ವಯಸ್ಸೇ, ಸ್ವಿಚ್ಚೇ, ತಯಾರಿಕೆಯೇ? ಎಲ್ಲವೂ ಹೌದು. ರಿಪೇರಿಯವನಿಗೆ ಬೇಕಾದದ್ದು ಬದಲಿಸಬಹುದಾದ ಕಾರಣ, ಆದ್ದರಿಂದ ಅವನು ಕೆಪಾಸಿಟರು ಎನ್ನುತ್ತಾನೆ. ಮುಂದೆ ಹೀಗಾಗಬಾರದು ಎನ್ನುವವರು ಸ್ವಿಚ್ಚು ಎನ್ನುತ್ತಾರೆ. ಬೈಯುವುದಕ್ಕೆ ಜನ ಬೇಕಾದವರು ಮಾತ್ರ ಒಬ್ಬರ ಹೆಸರು ಹೇಳುತ್ತಾರೆ.

ಗಣೇಶನ ಹಬ್ಬಕ್ಕೆ ನಾವೆಲ್ಲ ಕೇಳುವ ಶಮಂತಕಮಣಿಯ ಕಥೆ ನನಗೆ ಆಗ ನೆನಪಾಯಿತು. ಚೌತಿಯ ಚಂದ್ರನನ್ನು ನೋಡಿದ್ದಕ್ಕೆ ಕೃಷ್ಣನಿಗೆ ಅಪವಾದ ಬಂತು ಎನ್ನುವಷ್ಟಕ್ಕೇ ನಾವು ನಿಲ್ಲುತ್ತೇವೆ. ಆದರೆ ಅಪವಾದ ಬಂದ ಮೇಲೆ ಅವನು ಮಾಡಿದ್ದನ್ನು ನೋಡಿ. ಪ್ರಸೇನ ಬೇಟೆಗೆ ಹೋದ ದಾರಿಯನ್ನು ಹಿಡಿದ. ಪ್ರಸೇನನ ಹೆಣ ಸಿಕ್ಕಿತು, ಪಕ್ಕದಲ್ಲಿ ಸಿಂಹದ ಹೆಜ್ಜೆ. ಆ ಹೆಜ್ಜೆ ಹಿಡಿದು ಹೋದರೆ ಸಿಂಹವೇ ಸತ್ತು ಬಿದ್ದಿದೆ, ಅಲ್ಲಿಂದ ಕರಡಿಯ ಹೆಜ್ಜೆ. ಅದನ್ನು ಹಿಡಿದು ಜಾಂಬವಂತನ ಗುಹೆ. ಅಲ್ಲಿ ಮಣಿ ಮಗುವಿನ ಆಟದ ಸಾಮಾನಾಗಿತ್ತು. ಅಷ್ಟು ದೂರ ನಡೆದ ಮೇಲೆ ಸಿಕ್ಕ ಕಥೆಯಲ್ಲಿ, ಸತ್ರಾಜಿತ ಹೇಳಿದಂಥ ಕಳ್ಳ ಯಾರೂ ಇರಲಿಲ್ಲ. ಆ ಹುಡುಗ ಪೇಪರ್ ಕ್ಲಿಪ್ಪು ಹಿಡಿದು ಮಾಡಿದ್ದೂ ಇಂಥದೇ ಕೆಲಸ.

ಅಮೆರಿಕದ ಹಾರ್ವರ್ಡಿನ ಒಂದು ಹಳೆಯ ಗಣಕಯಂತ್ರದ ದಿನಚರಿಯಲ್ಲೂ ಇಂಥದೊಂದು ಪುಟ ಇದೆ. 1947ರ ಸೆಪ್ಟೆಂಬರ್ 9ರಂದು ಮಾರ್ಕ್ 2 ಎಂಬ ಆ ಯಂತ್ರದೊಳಗೆ ಒಂದು ಪತಂಗ ಸಿಕ್ಕಿಕೊಂಡಿತ್ತು. ಅದನ್ನು ತೆಗೆದು ಪುಟಕ್ಕೆ ಟೇಪಿನಿಂದ ಅಂಟಿಸಿ, ಯಾವ ಫಲಕದ ಎಷ್ಟನೆಯ ರಿಲೇಯಲ್ಲಿ ಸಿಕ್ಕಿತೆಂದು ಬರೆದಿಟ್ಟಿದ್ದಾರೆ. ಅಲ್ಲಿ ಕೆಲಸ ಮಾಡುತ್ತಿದ್ದ ಗ್ರೇಸ್ ಹಾಪರ್ ಎಂಬ ವಿದುಷಿ ಈ ಕಥೆಯನ್ನು ಎಲ್ಲರಿಗೂ ಹೇಳಿ ಹೆಸರುವಾಸಿ ಮಾಡಿದರು. ಕಿಟಕಿ ತೆರೆದಿಟ್ಟವರು ಯಾರು ಎಂಬ ಮಾತು ಆ ಟಿಪ್ಪಣಿಯಲ್ಲಿಲ್ಲ.

ಊಟದ ಹೊತ್ತಿನಲ್ಲಿ ಇದನ್ನೆಲ್ಲ ಹೇಳಿದೆ. ಭಾವ ಸುಮ್ಮನೆ ಉಂಡರು. ಆದರೆ ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತರಾದ ಅಕ್ಕ ಬಿಡಲಿಲ್ಲ. 'ಹಾಗೆ ಕಾರಣ ಹುಡುಕುತ್ತ ಹೋದರೆ ಲೋಕದಲ್ಲಿ ಯಾರದೂ ತಪ್ಪಿಲ್ಲ ಎಂದಾಗುತ್ತದೆ ಕಣೇ. ಕುಡಿದು ಬಂದು ಹೊಡೆಯುವವನಿಗೂ ಒಂದು ಕಾರಣ ಇರುತ್ತದೆ. ಅವನ ಅಪ್ಪ ಹೊಡೆದಿದ್ದ, ಸಾಲ ಇತ್ತು, ಮಳೆ ಬಂದಿತ್ತು ಅಂತ.'

ಅವರ ಮಾತು ಸರಿ. ನನ್ನನ್ನು ಅದು ಬಹಳ ದಿನ ಯೋಚನೆಗೆ ಹಚ್ಚಿತು. ಕೆಪಾಸಿಟರಿಗೆ ಬೇರೆ ರೀತಿ ನಡೆದುಕೊಳ್ಳುವ ದಾರಿಯೇ ಇರಲಿಲ್ಲ, ಕಾದರೆ ಒಣಗಲೇಬೇಕು. ಕೈಯೆತ್ತಿದ ಮನುಷ್ಯನಿಗೆ ಕೈ ಇಳಿಸುವ ದಾರಿಯೂ ಇತ್ತು. ಅಲ್ಲಿ 'ಯಾರು?' ಎಂದು ಕೇಳಲೇಬೇಕು, ಗಟ್ಟಿಯಾಗಿಯೇ ಕೇಳಬೇಕು. ಆದರೆ ನಮ್ಮ ಸುತ್ತಲಿನ ಮನೆಗಳಲ್ಲಿ ನಡೆಯುವುದು ಹೇಗೆ? ಗಾಜಿನ ಲೋಟ ಒಡೆದರೆ 'ಯಾರು?' ಎಂದು ಕೇಳುವ ಹಿರಿಯರೇ, ಸೊಸೆಯ ಕೆನ್ನೆ ಊದಿದ ದಿನ 'ಏನಾಯಿತು?' ಎಂದು ಕೇಳುತ್ತಾರೆ. 'ನೀನೇನು ಅಂದೆ? ಅವನು ಊಟ ಮಾಡಿದ್ದನೋ ಇಲ್ಲವೋ?' ಅಲ್ಲಿ ಎಲ್ಲಿಲ್ಲದ ತಾಳ್ಮೆ ಬಂದುಬಿಡುತ್ತದೆ, ಕಾರಣದ ಬೇರಿನವರೆಗೂ ಹೋಗುತ್ತಾರೆ. ವಸ್ತು ಕೆಟ್ಟಾಗ ಮನುಷ್ಯರನ್ನು ಹುಡುಕುವುದು, ಮನುಷ್ಯರು ಕೆಡಿಸಿದಾಗ ಪರಿಸ್ಥಿತಿಯನ್ನು ಹುಡುಕುವುದು. ಎರಡು ಪ್ರಶ್ನೆಗಳೂ ಒಳ್ಳೆಯವೇ. ನಾವು ಅವುಗಳನ್ನು ಅದಲುಬದಲು ಮಾಡಿಕೊಂಡಿದ್ದೇವೆ, ಅದೂ ಒಂದೇ ಕಡೆಯವರಿಗೆ ಅನುಕೂಲವಾಗುವಂತೆ.

ಇನ್ನೊಂದು ಮಾತು. 'ಯಾರು?' ಎಂದು ಮೊದಲೇ ಕೇಳಿದರೆ ಗೊತ್ತಿದ್ದವರ ಬಾಯಿ ಮುಚ್ಚುತ್ತದೆ. ಸುಟ್ಟ ವಾಸನೆಯ ಸುದ್ದಿ ಒಂದು ತಿಂಗಳು ನಮ್ಮ ಮನೆಯಲ್ಲೇ ಓಡಾಡಿಕೊಂಡಿತ್ತು, ನಮಗೆ ತಿಳಿಯಲಿಲ್ಲ. ಅದು ಗೊತ್ತಿದ್ದವಳೇ ನಾವು ಅನುಮಾನಿಸಬಹುದಾದವಳೂ ಆಗಿದ್ದಳು.

ಉಳಿದ ರಿಪೇರಿ ಬೇಗ ಮುಗಿಯಿತು. ಬೇರೆ ಎಸ್‌ಎಂಪಿಎಸ್ ಹಾಕಿದ ಮೇಲೆ ಫ್ಯಾನು ತಿರುಗಿತು, ಆದರೆ ಪರದೆ ಕಪ್ಪಗೇ ಇದ್ದು ಒಳಗಿನಿಂದ ಉದ್ದುದ್ದ ಬೀಪು ಕೂಗತೊಡಗಿತು. ಹುಡುಗ ನಕ್ಕ. ಕೂಗುತ್ತಿದೆ ಎಂದರೆ ಒಳ್ಳೆಯದೇ, ತನಗೆ ನೋವಾಗುತ್ತಿರುವ ಜಾಗ ಹೇಳುತ್ತಿದೆ ಎಂದ. ಮೆಮೊರಿಯ ಪಟ್ಟಿ ತೆಗೆದು, ಅದರ ಹಿತ್ತಾಳೆ ಬಣ್ಣದ ಅಂಚನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದ. ಪರದೆ ಬೆಳಗಿತು. ತಾರೀಕು 1980ರ ಜನವರಿ 1 ಎಂದು ತೋರಿಸುತ್ತಿತ್ತು. ಗಡಿಯಾರ ನಡೆಸುವ 3 ವೋಲ್ಟಿನ ಬಿಲ್ಲೆಯಂಥ ಸೆಲ್ಲು ಎಂದೋ ಸತ್ತಿತ್ತು.

ಹಾಡುಗಳೆಲ್ಲ ಇದ್ದವು. ಹಾರ್ಡ್ ಡಿಸ್ಕು ಬಿಚ್ಚಿ ಲ್ಯಾಪ್‌ಟಾಪಿಗೆ ಜೋಡಿಸಿ ನಕಲು ಮಾಡಿಕೊಂಡ. ಹೊಸ ಯಂತ್ರದಲ್ಲಿ ತೆರೆದಾಗ ಮಾತ್ರ ಅಕ್ಷರವೆಲ್ಲ ಅರ್ಥವಿಲ್ಲದ ಚಿಹ್ನೆಗಳಾಗಿ ಕಂಡು ಭಾವನವರ ಮುಖ ಮತ್ತೆ ಬಿಳಿಚಿತು. ಆಗಿನ ಕನ್ನಡ ಫಾಂಟುಗಳ ಲೆಕ್ಕ ಬೇರೆ, ಈಗಿನ ಯೂನಿಕೋಡಿನ ಲೆಕ್ಕ ಬೇರೆ. ಪರಿವರ್ತಿಸುವ ತಂತ್ರಾಂಶದಲ್ಲಿ ಹಾಯಿಸಿದ ಮೇಲೆ ಹೆಣ್ಣೊಪ್ಪಿಸುವ ಹಾಡಿನ ಮೊದಲ ಸಾಲು ನಿಧಾನವಾಗಿ ಕನ್ನಡವಾಯಿತು. ಭಾವ ಕನ್ನಡಕ ತೆಗೆದು ಒರೆಸಿಕೊಂಡರು.

ಅವಳಿಗೆ ಮಾತ್ರ ಅವರು ಅವತ್ತು ಏನೂ ಹೇಳಲಿಲ್ಲ. ಹೇಳಬೇಕಿತ್ತು ಎಂದು ನಾನು ನಮ್ಮವರ ಹತ್ತಿರ ಅಂದೆ, ಅವರು ಅಣ್ಣನ ಹತ್ತಿರ ಅಂದರೋ ಇಲ್ಲವೋ ಕೇಳಲು ಹೋಗಲಿಲ್ಲ. ದೀಪಾವಳಿ ಕಳೆದ ಮೇಲೆ ಭಾವ ಮದುವೆಯ ಕರೆಯೋಲೆ ಹಂಚಲು ಬಂದವರು ಅಡುಗೆಮನೆಯ ಬಾಗಿಲವರೆಗೆ ಹೋಗಿ, ಅವಳ ಕೈಗೆ ಒಂದು ಪತ್ರಿಕೆ, ಒಂದು ಹಾಡಿನ ಪುಸ್ತಕ ಕೊಟ್ಟು, 'ತಪ್ಪದೆ ಬರಬೇಕು' ಎಂದರು. ಅವಳು ಕೈ ಒರೆಸಿಕೊಂಡು ಎರಡನ್ನೂ ತೆಗೆದುಕೊಂಡಳು. ಅವರು ಹೋದ ಮೇಲೆ, ಛತ್ರಕ್ಕೆ ಹೋಗುವ ಬಸ್ಸು ಬೆಳಿಗ್ಗೆ ಎಷ್ಟು ಗಂಟೆಗೆ ಎಂದು ನನ್ನನ್ನು ಕೇಳಿದಳು.