ಯಾರನ್ನು ಕುರಿತ ಪ್ರಾರ್ಥನೆ?

ಸಾವಿನಾಚೆ ಏನೂ ಇಲ್ಲವೆಂದು ನಂಬಿದವರು ಸಾವನ್ನು ಎದುರಿಗಿಟ್ಟುಕೊಂಡು ಏನು ಬರೆದಾರು? ಸೋವಿಯತ್ ಸಂಗೀತ ರಚನಕಾರ ಶೋಸ್ತಕೋವಿಚ್ ಬರೆದದ್ದು ವಯೋಲ ಮತ್ತು ಪಿಯಾನೊಗಾಗಿ ಒಂದು ಸೊನಾಟ. 1975ರ ಬೇಸಿಗೆ, ಬಲಗೈಯಲ್ಲಿ ಲೇಖನಿ ಹಿಡಿಯುವುದೇ ಕಷ್ಟವಾಗಿತ್ತು. ಆಗಸ್ಟ್ 9ರಂದು ತೀರಿಕೊಂಡರು. ಅಕ್ಟೋಬರಿನಲ್ಲಿ ಲೆನಿನ್‌ಗ್ರಾಡಿನಲ್ಲಿ ಅದನ್ನು ಸಾರ್ವಜನಿಕವಾಗಿ ಮೊದಲು ನುಡಿಸಿದವರು ವಯೋಲ ವಾದಕ ದ್ರುಝಿನಿನ್. ಕೃತಿ ಅರ್ಪಣೆಯಾದದ್ದೂ ಅವರಿಗೇ.

ಶುರುವಿಗೆ ಕಮಾನು ತಂತಿ ಮುಟ್ಟುವುದಿಲ್ಲ. ವಯೋಲ ವಾದಕರು ಖಾಲಿ ತಂತಿಗಳನ್ನು ಬೆರಳಿನಿಂದ ಮೀಟುತ್ತಾರೆ, ಕಛೇರಿಗೆ ಮುಂಚೆ ಶ್ರುತಿ ನೋಡಿಕೊಂಡ ಹಾಗೆ. ಪಿಯಾನೊ ಆಮೇಲೆ ಬರುತ್ತದೆ, ಅದೂ ಅನುಮಾನಿಸುತ್ತಲೇ. ಕೊನೆಯ ಭಾಗದಲ್ಲಿ ಬೀಥೋವನ್‌ರ ‘ಮೂನ್‌ಲೈಟ್’ ಸೊನಾಟದ ಲಯ ಮತ್ತೆ ಮತ್ತೆ ಇಣುಕುತ್ತದೆ.

ಇದೂ ಪ್ರಾರ್ಥನೆಯೇ ಎಂದು ಭಕ್ತ ಗೆಳೆಯರೊಬ್ಬರು ನನ್ನೊಡನೆ ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಪ್ರಾರ್ಥನೆಗೆ ಕೇಳುವವನೊಬ್ಬ ಬೇಕು, ಬೇಡಿಕೆಯೊಂದು ಬೇಕು. ಇಲ್ಲಿ ಬೇಡಿಕೆಯೇ ಇಲ್ಲ. ನೆನಪಿಸಿಕೊಂಡದ್ದು ದೇವರನ್ನಲ್ಲ, ತನಗಿಂತ ಮೊದಲು ಸತ್ತ ಇನ್ನೊಬ್ಬ ಸಂಗೀತಗಾರನನ್ನು. ಕೃತಿ ಸಿ ಮೇಜರ್ ಎಂಬ ನಿರಾಳ ಸ್ವರಶ್ರೇಣಿಯಲ್ಲಿ ಮುಗಿಯುತ್ತದೆ ನಿಜ. ಅಷ್ಟಕ್ಕೇ ಅದನ್ನು ಮೋಕ್ಷ ಅನ್ನುವುದು ನಮ್ಮ ಆತುರ. ನಾಸ್ತಿಕನ ಸಮಾಧಾನವನ್ನೂ ಆಸ್ತಿಕರು ತಮ್ಮ ಲೆಕ್ಕಕ್ಕೇ ಬರೆದುಕೊಳ್ಳಬೇಕೆ?