ಲಗಾಮು ಸಡಿಲಿಸುವ ಹೊತ್ತು



ಬೈಲಹೊಂಗಲ, ಸವದತ್ತಿಯ ಎರೆಹೊಲಗಳಲ್ಲಿ ಎಳೆಯ ಹೋರಿಯನ್ನು ಪಳಗಿಸಲು ಅನುಭವಸ್ಥ ಎತ್ತಿನ ಜೊತೆ ನೊಗಕ್ಕೆ ಹೂಡುವುದುಂಟು. ಎಳೆಯುವ ಬಲ ಹುಟ್ಟಿನಿಂದ ಬಂದದ್ದು; ಸಾಲು ಹಿಡಿದು ನಡೆಯುವುದು ಜೊತೆಗಾರನಿಂದ ಕಲಿತದ್ದು.

ಅಮೆರಿಕದಲ್ಲಿ ದನ ತಿರುಗಿಸುವ ಕುದುರೆಗಳದ್ದೂ ಇದೇ ಕಥೆ. ದನದ ಚಲನೆ ಗಮನಿಸಿ ಅಡ್ಡಗಟ್ಟುವ ಗುಣ ಅವುಗಳಲ್ಲಿ ಕೆಲವಕ್ಕೆ ಹುಟ್ಟಿನಿಂದಲೇ ಇರುತ್ತದೆ. ನಿಲ್ಲುವುದು, ತಿರುಗುವುದನ್ನು ತಾಳ್ಮೆಯಿಂದ ಕಲಿಸಬೇಕು. ಅವುಗಳಿಗಾಗಿ 2½ ನಿಮಿಷಗಳ ಸ್ಪರ್ಧೆಯಿದೆ. ಹಿಂಡಿನಿಂದ ಒಂದು ದನವನ್ನು ಬೇರ್ಪಡಿಸಿದ ಮೇಲೆ ಸವಾರ ಲಗಾಮಿನ ಕೈಯನ್ನು ಇಳಿಸಬೇಕು. ಅದು ಮರಳದಂತೆ ತಡೆಯುವುದು ಕುದುರೆಯದೇ ಕೆಲಸ. ಲಗಾಮು ಎಳೆದರೆ ಅಂಕ ಹೋಗುತ್ತದೆ.

ತಂದೆತಾಯಿಗಳೇ, ಮೂಕಪ್ರಾಣಿಯನ್ನೇ ಇಷ್ಟು ನಂಬುವುದಾದರೆ, ದೇವರ ಪ್ರತಿರೂಪವಾದ ಮಕ್ಕಳನ್ನು ಇನ್ನೆಷ್ಟು ನಂಬಬೇಕು? ದೈವಕೃಪೆ ಸ್ವಭಾವವನ್ನು ಅಳಿಸುವುದಿಲ್ಲ, ಪೂರ್ಣಗೊಳಿಸುತ್ತದೆ ಎಂಬುದು ಸಂತ ತೋಮಸ್ ಅಕ್ವಿನಾಸರ ಬೋಧನೆ. ಪ್ರಾರ್ಥನೆಯಲ್ಲಿ, ಸತ್ಯದಲ್ಲಿ ಮೊದಲು ನೀವೇ ಅವರೊಡನೆ ನೊಗ ಹೊತ್ತು ನಡೆಯಿರಿ. ಮುಂದೊಂದು ದಿನ ಬೆಳೆದ ಮಗಳು, “ಅಪ್ಪಾ, ಈ ಸಂಬಂಧ ಬ್ಯಾಡ, ನಾ ಓದತೀನಿ” ಎಂದಾಗ ಲಗಾಮು ಬಿಗಿಯಬೇಡಿ. ಕೈ ಇಳಿಸಿ. ನೀವು ಕಲಿಸಿದ್ದು ಅವಳೊಳಗೇ ಇದೆ. ದೇವರೂ ನಮ್ಮನ್ನು ಹೀಗೆಯೇ ನಂಬಿ ಸ್ವಾತಂತ್ರ್ಯ ಕೊಟ್ಟಿದ್ದಾರಲ್ಲವೇ?